ಕೈಗೆ ಕೊಡಬಾರದ ಉಪ್ಪು

'ನ್ಯಾಚುರಲ್' ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾವಿನ ವಿಷವೂ ನ್ಯಾಚುರಲ್ಲೇ ಅಲ್ಲವೇ ಎಂದು ಕೇಳಿ ಎಷ್ಟೋ ಮನೆಗಳ ಊಟದ ಖುಷಿ ಕೆಡಿಸಿದ್ದೇನೆ. ಅದಕ್ಕೇ ಪರ್ತ್‌ನಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೊರಟರೆ ನನ್ನ ಹೆಂಡತಿ ಕಾರಿನಲ್ಲೇ ಎಚ್ಚರಿಕೆ ಕೊಡುತ್ತಾಳೆ. "ರೀ, ಇವತ್ತು ಯಾರ ಎಣ್ಣೆ, ಯಾರ ಬೆಲ್ಲ, ಯಾರ ಕಷಾಯದ ಬಗ್ಗೇನೂ ಬಾಯಿ ಬಿಡ್ಬೇಡಿ. ಸುಮ್ನೆ ಉಂಡು ಎದ್ದು ಬನ್ನಿ." ಸುಮ್ಮನೆ ಉಂಡು ಎದ್ದು ಬರುವವರ ಪೈಕಿ ನಾನಲ್ಲ. ಆದರೆ ಒಂದು ಮನೆಯಲ್ಲಿ ಮಾತ್ರ ತುಟಿ ಹೊಲಿದುಕೊಂಡು ಕೂರುತ್ತಿದ್ದೆ. ಅದು ಸದರ್ನ್ ರಿವರ್‌ನಲ್ಲಿರುವ ನನ್ನ ಮಗಳ ಮನೆ. ಕ್ಯಾನಿಂಗ್ ವೇಲ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಅಲ್ಲಿನ ಅಡುಗೆಮನೆ ಆಗ ನಮ್ಮ ಬೀಗಿತ್ತಿಯ, ಅಂದರೆ ಮಗಳ ಅತ್ತೆಯ ಕೈಯಲ್ಲಿತ್ತು. ಬೀಗರ ಅಡುಗೆಗೆ ಹೆಸರಿಟ್ಟು ಉಳಿದ ಗಂಡಸು ನಮ್ಮ ವಂಶದಲ್ಲಿ ಇಲ್ಲ.

ಮಗಳು ಬಸುರಿಯಾಗಿದ್ದಳು. ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲಿ ನಿಲ್ಲದೆ ಹೋಗಿತ್ತು. ಆ ಸುದ್ದಿ ಕೇಳಿದಾಗಿನಿಂದ ಬೀಗಿತ್ತಿ ಮೈಸೂರಿನಲ್ಲಿ ನಿದ್ದೆ ಮಾಡಿರಲಿಲ್ಲವಂತೆ. ಎರಡನೆಯ ಸಲ ಬಸುರಿ ಎಂದು ತಿಳಿದ ಕೂಡಲೇ ವೀಸಾ ಮಾಡಿಸಿಕೊಂಡು ಬಂದೇಬಿಟ್ಟರು. ಬಾಣಂತನ ತವರಿನವರ ಹಕ್ಕು ಎಂದು ನನ್ನ ಹೆಂಡತಿ ಸ್ವಲ್ಪ ಮುಖ ಊದಿಸಿಕೊಂಡಳು. ಆದರೆ ಅವಳಿಗೆ ಮುದುಕರ ಆರೈಕೆಯ ಕೇಂದ್ರದಲ್ಲಿ ಶಿಫ್ಟ್ ಕೆಲಸ, ಅಷ್ಟು ರಜೆ ಸಿಗುವ ಹಾಗಿರಲಿಲ್ಲ. ಬೀಗಿತ್ತಿ ಬಂದ ಮೊದಲ ವಾರವೇ ಸೊಸೆಯ ಕಾಲು ನೀವಿ, ತಲೆಗೆ ಎಣ್ಣೆ ಹಚ್ಚಿ, ರಾಗಿ ಅಂಬಲಿ ಕುಡಿಸಿದ್ದನ್ನು ನೋಡಿ ನನ್ನ ಹೆಂಡತಿಯ ಮುಖದ ಊತ ತಾನಾಗಿಯೇ ಇಳಿಯಿತು. "ನಾನಿದ್ರೂ ಇಷ್ಟು ಮಾಡ್ತಿರ್ಲಿಲ್ಲ" ಎಂದಳು.

ಅವರ ಸೂಟ್‌ಕೇಸಿನಲ್ಲಿ ಅರ್ಧ ಬಟ್ಟೆ, ಅರ್ಧ ಉಪ್ಪು. ಪುಡಿ ಉಪ್ಪಲ್ಲ, ಮೈಸೂರಿನ ಪರಿಚಯದ ಅಂಗಡಿಯಿಂದ ತಂದ ಮೂಟೆಯ ಕಲ್ಲುಪ್ಪು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಆ ಗಂಟನ್ನು ಎತ್ತಿ, ಹಿಂದೆ ಮುಂದೆ ನೋಡಿ, "ಬರೀ ಉಪ್ಪಾ?" ಎಂದು ಕೇಳಿ ನಕ್ಕು ಬಿಟ್ಟಳಂತೆ. ಸುತ್ತಲೂ ಸಮುದ್ರವಿರುವ ದೇಶಕ್ಕೆ ಉಪ್ಪು ಹೊತ್ತು ತಂದ ಮಹಾತಾಯಿ ಇವರು. ಬ್ರಿಸ್ಬೇನ್‌ನಲ್ಲಿರುವ ತಮ್ಮ ಮಗಳಿಗೂ ಅಡಿಲೇಡ್‌ನಲ್ಲಿರುವ ತಂಗಿಯ ಮಗನಿಗೂ ಅವರೇ ಉಪ್ಪು ಕಳಿಸುವುದು. ಮೈಸೂರಿನಿಂದ ಯಾರೇ ಹೊರಟರೂ ಅವರ ಬ್ಯಾಗಿಗೆ ಒಂದು ಗಂಟು ಸೇರಿಸಿಬಿಡುತ್ತಾರೆ.

ಸದರ್ನ್ ರಿವರ್‌ನ ಮನೆಯ ಗೃಹಪ್ರವೇಶಕ್ಕೂ ಅವರು ಇದೇ ಉಪ್ಪನ್ನು ಕಳಿಸಿದ್ದರು. ಹೊಸಮನೆಯೊಳಗೆ ಮೊದಲು ಹೋಗಬೇಕಾದದ್ದು ಉಪ್ಪು, ಅರಿಶಿನ, ಹಾಲು. ಅಂದು ಪೂಜೆಗಿಟ್ಟ ಉಪ್ಪನ್ನು ಮಗಳು ಅಳಿಯ ಒಂದು ಭರಣಿಗೆ ತುಂಬಿ, ಹಿತ್ತಾಳೆಯ ತಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟಿದ್ದರು. ಭರಣಿ ಬರಿದಾಗಬಾರದು, ಅರ್ಧಕ್ಕೆ ಇಳಿಯುವ ಮೊದಲೇ ಮೇಲೆ ತುಂಬುತ್ತಿರಬೇಕು. ಇನ್ನೊಂದು ನೇಮವೂ ಇತ್ತು, ಅದು ನಮ್ಮ ಮನೆಯಲ್ಲೂ ಇದೆ, ನಿಮ್ಮ ಮನೆಯಲ್ಲೂ ಇರಬಹುದು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ. ಊಟದ ನಡುವೆ ನಾನು ಉಪ್ಪು ಕೇಳಿ ಕೈ ಚಾಚಿದರೆ ಬೀಗಿತ್ತಿ ಬಟ್ಟಲನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ಮೆಲ್ಲಗೆ ತಳ್ಳುತ್ತಿದ್ದರು. ಬೀಗರ ನಡುವೆ ಜಗಳ ಬರಬಾರದು ಎಂಬುದರಲ್ಲಿ ನನ್ನದೂ ಸಹಮತವಿತ್ತು.

ಹೀಗಿರುವಾಗ ಒಂದು ಶನಿವಾರ ಮಗಳು ನಮ್ಮ ಮನೆಗೆ ಒಬ್ಬಳೇ ಬಂದಳು. ಹೈಸ್ಕೂಲಿನಲ್ಲಿದ್ದಾಗ ಇಲ್ಲಿಗೆ ಬಂದವಳು, ಗಾಬರಿಯಾದರೆ ಮಾತಿನಲ್ಲಿ ಇಂಗ್ಲಿಷ್ ಜಾಸ್ತಿಯಾಗುತ್ತದೆ. ಅಂದು ತುಂಬ ಜಾಸ್ತಿ ಇತ್ತು.

"ಅಪ್ಪಾ, ಬ್ಲಡ್ ಟೆಸ್ಟ್ ಬಂತು. ಥೈರಾಯ್ಡ್ ಸ್ಟ್ರಗಲ್ ಮಾಡ್ತಿದೆಯಂತೆ. ಅಯೋಡಿನ್ ತುಂಬಾ ಲೋ ಇರ್ಬೋದು ಅಂದ್ರು. ಜಿಪಿ ಡಾಕ್ಟರ್ ಕೇಳಿದ್ದೇನು ಗೊತ್ತಾ? ಬ್ರೆಡ್ ತಿಂತೀಯಾ ಅಂತ."

"ನೀನೇನಂದೆ?"

"ಇಲ್ಲ ಅಂದೆ. ಅನ್ನ, ಮುದ್ದೆ, ದೋಸೆ. ಹಾಲಿನ ವಾಸ್ನೆಗೇ ವಾಂತಿ ಬರುತ್ತೆ. ಪ್ರೆಗ್ನೆನ್ಸಿ ಟ್ಯಾಬ್ಲೆಟ್ ನುಂಗಿದ್ರೆ ಅದೂ ಆಚೆ ಬರುತ್ತೆ. ಬೇರೆ ಚಿಕ್ಕ ಟ್ಯಾಬ್ಲೆಟ್ ಕೊಟ್ಟಿದ್ದಾರೆ. ಅದ್ರ ಜೊತೆಗೆ ಅಡುಗೇಗೂ ಅಯೋಡಿನ್ ಇರೋ ಉಪ್ಪೇ ಹಾಕ್ಬೇಕು ಅಂದ್ರು." ಇಷ್ಟು ಹೇಳಿ ಅವಳು ಅಳತೊಡಗಿದಳು. "ಅತ್ತೆಗೆ ಹೇಳಕ್ಕಾಗಲ್ಲ ಅಪ್ಪಾ. ಹೋದ್ಸಲ ಹಾಗಾಗಿದ್ದು ಬ್ರೆಡ್‌ನಿಂದ, ಪ್ಯಾಕೆಟ್ ಉಪ್ಪಿಂದ ಅಂತ ಅವ್ರು ನಂಬಿದ್ದಾರೆ. ಅದಕ್ಕೇ ಅಲ್ಲಿಂದ ಹೊತ್ಕೊಂಡ್ ಬಂದಿದ್ದು. ಅವ್ರಿಗೆ ಹೇಗೆ ಹೇಳ್ಲಿ, ಇದು ನಿಮ್ ಉಪ್ಪಿಂದ ಅಂತ? ಆದ್ರೆ ಈ ಸಲಾನೂ ಏನಾದ್ರೂ ಆದ್ರೆ…"

ನಾನು ಕುಳಿತಲ್ಲೇ ಕುಳಿತೆ. ಯಾಕೆ ಎಂದು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಹೇಳಬೇಕು. ಕ್ಯಾನಿಂಗ್ ವೇಲ್‌ನ ಕೈಗಾರಿಕಾ ಪ್ರದೇಶದಲ್ಲಿ ಒಂದು ಬ್ರೆಡ್ ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುವವನು ನಾನು. ಈ ದೇಶದಲ್ಲಿ ಬ್ರೆಡ್ಡಿಗೆ ಅಯೋಡಿನ್ ಸೇರಿಸಿದ ಉಪ್ಪನ್ನೇ ಹಾಕಬೇಕು ಎಂಬ ಕಾನೂನಿದೆ. ಆ ಉಪ್ಪು ಹಿಟ್ಟಿಗೆ ಬೀಳುವ ಕೊಳವೆ ಕಟ್ಟಿಕೊಂಡರೆ ಬಿಡಿಸುವುದು ನಾನೇ. ಪರ್ತ್‌ನ ಅರ್ಧ ಊರಿನ ಮಕ್ಕಳ ಬಾಯಿಗೆ ಹೋಗುವ ಉಪ್ಪು ನನ್ನ ಕಣ್ಣೆದುರೇ ಹಾದುಹೋಗುತ್ತದೆ. ನನ್ನ ಮಗಳ ಬಾಯಿಗೆ ಮಾತ್ರ ಹೋಗುತ್ತಿರಲಿಲ್ಲ. ಇಡೀ ದೇಶಕ್ಕೆಂದು ಹಾಸಿದ ಜಮಖಾನದಲ್ಲಿ ಮುದ್ದೆ ತಿನ್ನುವವರು ಕೂರುವ ಜಾಗದಲ್ಲೇ ಒಂದು ತೂತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೂಡಲೇ ಕಾರು ತೆಗೆದು ಹೋಗಿ ಆ ಭರಣಿಯನ್ನು ಸಿಂಕಿಗೆ ಸುರಿದು ಬರೋಣ ಎನ್ನಿಸಿತು. ಚಪ್ಪಲಿಯನ್ನೂ ಮೆಟ್ಟಿಕೊಂಡೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಹೋಗಿ, ಸುರಿದು ಬನ್ನಿ. ನಾಳೇನೇ ಅವ್ರು ಟಿಕೆಟ್ ತೊಗೊಂಡು ಹೊರಟ್ಹೋಗ್ತಾರೆ. ಅಳಿಯ ಆಕಡೆ, ಮಗಳು ಈಕಡೆ. ಅಯೋಡಿನ್ ಇರುತ್ತೆ, ಮನೆ ಇರಲ್ಲ." ಅವಳ ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಳಿಯನಿಗೆ ಫೋನ್ ಮಾಡಿದೆ. ಅವನು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಿದ. "ಮಾವ, ಅಮ್ಮಂಗೆ ನಾನು ಹೇಳಿದ್ರೆ ಹೆಂಡ್ತಿ ಹೇಳ್ಕೊಟ್ಳು ಅಂದ್ಕೋತಾರೆ. ನೀವೇ ಏನಾದ್ರೂ ಮಾಡಿ, ಪ್ಲೀಸ್."

ಚಪ್ಪಲಿ ಬಿಚ್ಚಿ ಮತ್ತೆ ಕುರ್ಚಿಯಲ್ಲಿ ಕುಳಿತಾಗ ನನಗೆ ನೆನಪಾದದ್ದು ಕಿರ್ಗಿಸ್ತಾನ.

ಆಸ್ಟ್ರೇಲಿಯಾಕ್ಕೆ ಬರುವ ಮೊದಲು, ಮಗಳು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ, ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿದ್ದೆ. ಉಪ್ಪಿಗೆ ಅಯೋಡಿನ್ ದ್ರಾವಣ ಸಿಂಪಡಿಸಿ ಕಲಸುವ ಯಂತ್ರ ಮಾಡುತ್ತಿದ್ದ ಕಂಪನಿ. ಕಿರ್ಗಿಸ್ತಾನದ ಒಂದು ಉಪ್ಪಿನ ಕಾರ್ಖಾನೆ ನಮ್ಮ ಯಂತ್ರ ಕೊಂಡಿತ್ತು. ಅದನ್ನು ನಿಲ್ಲಿಸಿ, ಓಡಿಸಿ ತೋರಿಸಲು ನನ್ನನ್ನು ಕಳಿಸಿದರು. ಆ ದೇಶ ಭೂಪಟದಲ್ಲಿ ಎಲ್ಲಿದೆ ಎಂದು ವಿಮಾನ ಹತ್ತುವ ಹಿಂದಿನ ದಿನ ಹುಡುಕಿದೆ. ನನ್ನ ಮಟ್ಟಿಗೆ ಅದೊಂದು ಯಂತ್ರ ಅಷ್ಟೇ. ಉಪ್ಪಿನ ಬದಲು ಸಿಮೆಂಟು ಕಲಸುವುದಾಗಿದ್ದರೂ ನಾನು ಅದೇ ಸ್ಪ್ಯಾನರ್ ಹಿಡಿದು ಹೋಗುತ್ತಿದ್ದೆ.

ಯಂತ್ರ ನೋಡಲು ಒಬ್ಬ ಡಾಕ್ಟರಮ್ಮ ಬಂದರು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಸೋವಿಯತ್ ಕಾಲದಲ್ಲಿ ಜಿಲ್ಲೆಯ ನೈರ್ಮಲ್ಯ ಕಚೇರಿಯಲ್ಲಿದ್ದವರು. ಅವರ ಇಂಗ್ಲಿಷೂ ನನ್ನ ರಷ್ಯನ್ನೂ ಎರಡೂ ಕುಂಟುತ್ತಿದ್ದವು, ಆದರೂ ಹೇಗೋ ಜೊತೆಯಲ್ಲಿ ನಡೆದವು. ಸಿಂಪಡಿಸುವ ನಳಿಗೆಯನ್ನು ನಾನು ಹೆಮ್ಮೆಯಿಂದ ತೋರಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಈ ಹನಿ ಎಲ್ಲಿಗೆ ಹೋಗುತ್ತದೆ, ಗೊತ್ತೇ?" ಚೀಲಕ್ಕೆ ಎಂದೆ. ಅವರು ನಕ್ಕು, ನಾಳೆ ನನ್ನ ಜೊತೆ ಬನ್ನಿ ಎಂದರು.

ದಾರಿಯಲ್ಲಿ ಜೀಪಿನಲ್ಲಿ ಹಳೆಯ ಕಥೆ ಹೇಳಿದರು. ಸೋವಿಯತ್ ಒಕ್ಕೂಟವಿದ್ದಾಗ ಅಯೋಡಿನ್ ಹಾಕಿದ ಉಪ್ಪು ಮೇಲಿನಿಂದ ಬರುತ್ತಿತ್ತು. ಶಾಲೆಗೆ ಮಾತ್ರೆ ಬರುತ್ತಿತ್ತು, ಹಿಂದೆಯೇ ಇನ್‌ಸ್ಪೆಕ್ಟರ್ ಬರುತ್ತಿದ್ದ. ಒಕ್ಕೂಟ ಒಡೆದ ಮೇಲೆ ಒಂದೊಂದಾಗಿ ಎಲ್ಲ ನಿಂತವು. ಸಮುದ್ರವಿಲ್ಲದ, ಬೆಟ್ಟವೇ ತುಂಬಿದ ದೇಶ, ಮಣ್ಣಿನಲ್ಲಿ ಅಯೋಡಿನ್ ಇಲ್ಲ. ಕೆಲವೇ ವರ್ಷಗಳಲ್ಲಿ ಹೆಂಗಸರ, ಮಕ್ಕಳ ಕತ್ತುಗಳು ಊದತೊಡಗಿದವು. ಇವರಿಗೆ ಸಂಬಳವೂ ನೆಟ್ಟಗೆ ಬರುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಗಳು ಮುಚ್ಚಿದವು, ಊರೂರಿಗೆ ಮನೆಯವರನ್ನೆಲ್ಲ ಒಬ್ಬರೇ ನೋಡುವ ಡಾಕ್ಟರುಗಳು ಬಂದರು. ಹಳ್ಳಿಗಳಲ್ಲಿ ಹೆಂಗಸರು ತಾವೇ ಸಮಿತಿ ಮಾಡಿಕೊಂಡರು, ಸಂಬಳವಿಲ್ಲದೆ. "ಮೊದಲು ನಾವು ಜೀಪಿನಲ್ಲಿ ಬರುವುದು ಕಂಡರೆ ಅಂಗಡಿಯವರು ಬಾಗಿಲು ಹಾಕುತ್ತಿದ್ದರು, ದಂಡ ಹಾಕುತ್ತಾರೆಂದು. ಈಗ ದಂಡ ಹಾಕುವುದನ್ನು ಆ ಹೆಂಗಸರು ಬಿಡಿಸಿದ್ದಾರೆ. ಮೊದಲು ಜನರನ್ನು ಕೇಳಿ ಎನ್ನುತ್ತಾರೆ. ನಾನು ಈ ವಯಸ್ಸಿನಲ್ಲಿ ಕೇಳುವುದನ್ನು ಕಲಿಯುತ್ತಿದ್ದೇನೆ" ಎಂದು ಆ ಗಟ್ಟಿ ದನಿಯ ಹೆಂಗಸು ಮೆಲ್ಲಗೆ ಹೇಳಿದರು.

ನಾವು ಹೋದದ್ದು ಒಂದು ಹಳ್ಳಿ ಶಾಲೆಗೆ. ಮಕ್ಕಳೆಲ್ಲ ಮನೆಯಿಂದ ಒಂದೊಂದು ಚಿಟಿಕೆ ಉಪ್ಪನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಉದ್ದನೆಯ ಮೇಜಿನ ಮೇಲೆ ಆ ಪೊಟ್ಟಣಗಳನ್ನು ಬಿಚ್ಚಿ ಇಟ್ಟರು. ಸಮಿತಿಯ ಹೆಂಗಸೊಬ್ಬಳು ಸಣ್ಣ ಬಾಟಲಿಯಿಂದ ಒಂದೊಂದರ ಮೇಲೂ ಎರಡು ಹನಿ ಬಿಡುತ್ತ ಹೋದಳು. ಅಯೋಡಿನ್ ಇದ್ದರೆ ಉಪ್ಪು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ನನ್ನ ಕಣ್ಣೆದುರಿಗೆ ಆ ಮೇಜು ಒಂದು ತುದಿಯಿಂದ ನೇರಳೆಯಾಗುತ್ತ ಬಂತು. ಮಕ್ಕಳು ತಮ್ಮ ತಮ್ಮ ಉಪ್ಪು ಬಣ್ಣ ಬಂದಾಗಲೆಲ್ಲ ಕೂಗುತ್ತಿದ್ದರು. ಆಗ ನನಗೆ ಹೊಳೆಯಿತು, ಇದು ನನ್ನ ಯಂತ್ರದ ನಳಿಗೆಯಂಥ ಯಾವುದೋ ನಳಿಗೆಯಿಂದ ಹಾರಿದ ಅಯೋಡಿನ್ ಹನಿ. ಅದು ಬೆಟ್ಟ ಹತ್ತಿ, ಅಂಗಡಿ ಸೇರಿ, ಇಷ್ಟು ಒಲೆಗಳನ್ನು ಮುಟ್ಟಿ, ಮಕ್ಕಳ ಮುಷ್ಟಿಯಲ್ಲಿ ವಾಪಸ್ಸು ಬಂದಿದೆ. ನನ್ನ ಮೈ ಜುಂ ಎಂದಿತು. ದೇವಸ್ಥಾನದಲ್ಲಿ ಆಗದ್ದು ಆ ಶಾಲೆಯಲ್ಲಿ ಆಯಿತು. ಸುಮ್ಮನೆ ಹೊರಗೆ ಹೋಗಿ ನಿಂತುಕೊಂಡೆ.

ಒಬ್ಬ ಹುಡುಗಿಯ ಉಪ್ಪು ಮಾತ್ರ ಬೆಳ್ಳಗೆ ಉಳಿದಿತ್ತು. ಯಾರೂ ಅವಳನ್ನು ಏನೂ ಅನ್ನಲಿಲ್ಲ. ಶಾಲೆ ಬಿಟ್ಟ ಮೇಲೆ ಸಮಿತಿಯ ಹೆಂಗಸರು, ಡಾಕ್ಟರಮ್ಮ, ಜೊತೆಗೆ ನಾನು, ಅವಳ ಮನೆಗೆ ಹೋದೆವು. ಆ ಕಡೆ ಹಾಲಿನ ಚಹಾಕ್ಕೆ ಉಪ್ಪು ಹಾಕುತ್ತಾರೆ. ಹುಡುಗಿಯ ತಾಯಿ ಎಲ್ಲರಿಗೂ ಬಟ್ಟಲು ತುಂಬಿ ಕೊಟ್ಟಳು. ಮನೆಯವರ ಉಪ್ಪಿಗೆ ಹೆಸರಿಡುವುದು ಅಲ್ಲೂ ದೊಡ್ಡ ಅವಮಾನವಂತೆ. ಇವರು ಹೇಗೆ ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಹೇಳಲೇ ಇಲ್ಲ. ಗುಂಪಿನ ಹಿರಿಯಳು ಚಹಾ ಪೂರ್ತಿ ಕುಡಿದು, ಚೆನ್ನಾಗಿದೆ ಎಂದು ಹೊಗಳಿ, ತನ್ನ ಮನೆಯಿಂದ ತಂದ ಉಪ್ಪನ್ನು ಒಂದು ತಟ್ಟೆಯಲ್ಲಿಟ್ಟು ಮೊದಲು ಅದರ ಮೇಲೆ ಹನಿ ಬಿಟ್ಟಳು. ನೇರಳೆಯಾಯಿತು. ಆಮೇಲೆ ಬಾಟಲಿಯನ್ನು ಮನೆಯಾಕೆಗೇ ಕೊಟ್ಟಳು. ಮನೆಯಾಕೆ ತನ್ನ ಉಪ್ಪು ತಂದು, ತಾನೇ ಹನಿ ಬಿಟ್ಟು, ತಾನೇ ನೋಡಿದಳು. ಮುದುಕಿ ಆಗ ತನ್ನ ಪೊಟ್ಟಣದ ಉಪ್ಪನ್ನೆಲ್ಲ ಅವಳ ಬೊಗಸೆಗೆ ಸುರಿದಳು. ಕೈಯಿಂದ ಕೈಗೆ! ಮೈಸೂರಿನವನಾದ ನಾನು ಒಳಗೊಳಗೇ ಬೆಚ್ಚಿದೆ. ಪ್ರತಿಯಾಗಿ ಮುದುಕಿ ಆ ಮನೆಯ ಬಿಳಿ ಉಪ್ಪನ್ನು ತನ್ನ ಕುರಿಗಳಿಗೆಂದು ಕೇಳಿ ತೆಗೆದುಕೊಂಡಳು. ಯಾರ ಉಪ್ಪೂ ಕಸಕ್ಕೆ ಹೋಗಲಿಲ್ಲ, ಯಾರ ಮಾನವೂ ಹೋಗಲಿಲ್ಲ.

ಕ್ಯಾನಿಂಗ್ ವೇಲ್‌ನ ಕುರ್ಚಿಯಲ್ಲಿ ಇದೆಲ್ಲ ನೆನಪಾಗಿ ಎದ್ದೆ. ಬೆಂಗಳೂರಿನ ಹಳೆಯ ಸಹೋದ್ಯೋಗಿಗೆ ಹೇಳಿ ಆ ಹನಿಯ ಬಾಟಲಿಗಳನ್ನು ಕೊರಿಯರ್‌ನಲ್ಲಿ ತರಿಸಿದೆ. ಅದು ಬರುವವರೆಗೆ ಮಗಳು ಮಾತ್ರೆಯನ್ನು ನುಂಗುವುದು, ಒಮ್ಮೊಮ್ಮೆ ಅದು ಹೊಟ್ಟೆಯಲ್ಲಿ ನಿಲ್ಲುವುದು, ಒಮ್ಮೊಮ್ಮೆ ಹೊರಗೆ ಬರುವುದು ನಡೆದಿತ್ತು. ಪ್ರತಿ ಸಂಜೆ ಕೆಲಸದಿಂದ ಬರುವಾಗ ಅವಳಿಗೆ ಫೋನ್ ಮಾಡುತ್ತಿದ್ದೆ. "ನಿಂತಿದ್ಯಾ?" ಎಂದಷ್ಟೇ ಕೇಳುತ್ತಿದ್ದೆ. "ನಿಂತಿದೆ ಅಪ್ಪಾ" ಎಂದರೆ ಅಂದಿನ ಊಟ ನನಗೆ ರುಚಿಸುತ್ತಿತ್ತು.

ಬಾಟಲಿ ಬಂದ ವಾರದ ಭಾನುವಾರ ಮಧ್ಯಾಹ್ನ ನಾನೂ ಹೆಂಡತಿಯೂ ಸದರ್ನ್ ರಿವರ್‌ಗೆ ಊಟಕ್ಕೆ ಹೋದೆವು. ಬೀಗಿತ್ತಿ ಮುದ್ದೆ, ಬಸ್ಸಾರು ಮಾಡಿದ್ದರು. ಎಂಥ ಬಸ್ಸಾರು! ನಿಜಕ್ಕೂ ಹೊಗಳುವಂತಿತ್ತು, ಹೊಗಳಿದೆ. ಹೆಂಡತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಯಾವಾಗ ಕೆಡಿಸುತ್ತಾನೋ ಎಂದು. ಮಗಳು ಒಳಗೆ ಮಲಗಿದ ಮೇಲೆ ನಾನು ಜೇಬಿನಿಂದ ನಮ್ಮ ಮನೆಯ ಉಪ್ಪಿನ ಪೊಟ್ಟಣ ತೆಗೆದು ಒಂದು ತಟ್ಟೆಯಲ್ಲಿಟ್ಟೆ.

"ಅಮ್ಮಾ, ನಾನು ಹಿಂದೆ ಉಪ್ಪಿನ ಮೆಷಿನ್ ಕೆಲಸ ಮಾಡ್ತಿದ್ದೆನಲ್ಲ, ಆಗ ಒಂದು ಆಟ ನೋಡಿದ್ದೆ. ತೋರಿಸ್ಲಾ?"

"ಈ ವಯಸ್ನಲ್ಲಿ ಆಟಾನಾ ಬೀಗರೇ?" ಎಂದು ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತರು.

ಹನಿ ಬಿಟ್ಟೆ, ನೇರಳೆಯಾಯಿತು. ಅವರು ಚಿಕ್ಕ ಹುಡುಗಿಯಂತೆ "ಅಯ್ಯೋ, ನೋಡಿ!" ಎಂದರು. ಬಾಟಲಿಯನ್ನು ಮೇಜಿನ ಮೇಲಿಟ್ಟು ಅವರ ಕಡೆಗೆ ತಳ್ಳಿದೆ. ಅವರೇ ಎದ್ದು, ಭರಣಿಯ ತಟ್ಟೆ ತೆಗೆದು, ಒಂದು ಹರಳು ತಂದು, ಕುಟ್ಟಿ, ಹನಿ ಬಿಟ್ಟರು. ಬೆಳ್ಳಗೆ ಉಳಿಯಿತು. ಇನ್ನಷ್ಟು ಬಿಟ್ಟರು. ಒದ್ದೆಯಾಯಿತು, ಬಣ್ಣ ಬರಲಿಲ್ಲ.

"ಇದ್ಯಾಕೆ ಬರ್ತಿಲ್ಲ?"

ಹೆಂಡತಿ ಕಣ್ಣು ಮುಚ್ಚಿಕೊಂಡಳು. ನಾನು ಜೀವನದಲ್ಲಿ ಅಷ್ಟು ಮೆಲ್ಲಗೆ ಯಾವತ್ತೂ ಮಾತಾಡಿಲ್ಲ. ಅಯೋಡಿನ್ ಅಂದರೆ ಏನು, ಕತ್ತಿನ ಗ್ರಂಥಿಗೆ ಅದು ಏಕೆ ಬೇಕು ಎಂದು ಹೇಳಿದೆ. ಬಸುರಿಗೆ ಕೊರತೆಯಾದರೆ ಹೊಟ್ಟೆಯಲ್ಲಿರುವ ಕೂಸಿನ ಮಿದುಳಿಗೆ, ಬೆಳವಣಿಗೆಗೆ ತೊಂದರೆಯಾಗಬಹುದು ಎಂದೆ. ತೀರಾ ಇಲ್ಲದಿದ್ದರೆ ಕೆಲವು ಮಕ್ಕಳಿಗೆ ಕಿವಿ ಕೇಳಿಸದೆ, ಮಾತು ಬಾರದೆ ಹೋಗುವುದೂ ಉಂಟು ಎಂದೆ. "ಎಲ್ರಿಗೂ ಹಾಗಾಗಲ್ಲಮ್ಮಾ. ಇವಳಿಗೆ ಸಣ್ಣ ಕೊರತೆ, ಡಾಕ್ಟರ್ ನೋಡ್ತಿದ್ದಾರೆ" ಎಂದು ಸೇರಿಸಿದೆ.

ಅವರು ನನ್ನ ಮುಖ ನೋಡಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದರು. ಸಿಟ್ಟು ಬರುತ್ತದೆ, ಈಗ ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮಣ್ಣ ಒಬ್ಬ ಇದ್ದ. ನಿಮ್ಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ."

ಚಿಕ್ಕಮಗಳೂರಿನ ಕಡೆಯ ಒಂದು ಹಳ್ಳಿ ಅವರ ತವರು. ಅಲ್ಲಿ ಹೆಂಗಸರ ಕತ್ತಿನಲ್ಲಿ ಗಂಟಿರುವುದು ಹೊಸದೇನಲ್ಲ, ಅವರ ತಾಯಿಗೂ ಇತ್ತು. ಮೊದಲ ಮಗ ಹುಟ್ಟಿದ. ನೋಡಲು ಚೆನ್ನಾಗಿದ್ದ, ಆದರೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರಲಿಲ್ಲ, ಬುದ್ಧಿಯೂ ಬೆಳೆಯಲಿಲ್ಲ. ನಾಗದೋಷ ಎಂದರು, ನಾಗಪ್ರತಿಷ್ಠೆ ಮಾಡಿಸಿದರು. "ಅಮ್ಮ ದಿನಾ ಅವನ ಬೆನ್ನ ಹಿಂದೆ ನಿಂತು ಪಾತ್ರೆ ಮುಚ್ಚಳ ಬೀಳಿಸ್ತಿದ್ಳು ಬೀಗರೇ. ಇವತ್ತಾದ್ರೂ ತಿರುಗ್ತಾನಾ ಅಂತ. ಅವನಿಗೆ ಮೀಸೆ ಬಂದ್ಮೇಲೂ ಬೀಳಿಸ್ತಿದ್ಳು. ಆ ಸದ್ದು ಕೇಳಿ ಕೇಳಿ ನಾನು ಬೆಳೆದೆ. ಅವನು ಒಂದಿನಾನೂ ತಿರುಗ್ಲಿಲ್ಲ." ಬೆರಳಿನಿಂದ ಆ ಬಿಳಿ ಉಪ್ಪನ್ನು ಮುಟ್ಟಿದರು. "ಇದೇನಾ? ಇಷ್ಟೇನಾ?"

ಇದೇ ಎಂದು ನಾನು ಹೇಗೆ ಹೇಳಲಿ? ಅಲ್ಲ ಎಂದೂ ಹೇಗೆ ಹೇಳಲಿ? "ಯಾರಿಗೆ ಗೊತ್ತಮ್ಮಾ. ಇರ್ಬೋದು" ಎಂದೆ. ನನ್ನ ಹೆಂಡತಿ ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟಳು.

ಕಣ್ಣು ಒರೆಸಿಕೊಂಡು ಅವರು ಕೇಳಿದರು. "ನಿಮ್ಮನೆ ಉಪ್ಪು ಇನ್ನೂ ಇದ್ಯಾ?" ಚೀಲದಲ್ಲಿ ಒಂದು ಪೂರ್ತಿ ಪ್ಯಾಕೆಟ್ ತಂದಿದ್ದೆ. ಅದನ್ನು ಒಡೆದು ಮೇಜಿನ ಮೇಲಿಟ್ಟು ಅವರ ಕಡೆಗೆ ತಳ್ಳಲು ಹೋದೆ. ಅವರು ತಡೆದರು. ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ನನ್ನ ಮುಂದೆ ಹಿಡಿದರು.

"ಜಗಳ ಆದ್ರೆ ಆಗ್ಲಿ ಬೀಗರೇ. ಕೈಗೇ ಹಾಕಿ."

ಹಾಕಿದೆ. ಬೊಗಸೆ ತುಂಬಿ ಒಂದಷ್ಟು ಉಪ್ಪು ನೆಲಕ್ಕೂ ಚೆಲ್ಲಿತು. ಬೆಟ್ಟದ ಆ ಮನೆಯಲ್ಲಿ ಕಂಡ ಬೊಗಸೆ ಮತ್ತೆ ನನ್ನ ಎದುರಿಗಿತ್ತು. ಸಂಬಳವಿಲ್ಲದೆ, ಜೀಪಿಲ್ಲದೆ, ಕುಸಿದುಬಿದ್ದ ದೇಶದಲ್ಲಿ ಆ ಹೆಂಗಸರು ಕಂಡುಕೊಂಡ ದಾರಿ ಎಷ್ಟು ಸಮುದ್ರ ದಾಟಿ ಇಲ್ಲಿಗೆ ಬಂತು ಎಂದು ಬೆರಗಾಗಿ ಕುಳಿತೆ. ಇಂದಿಗೂ ಆ ಬೆರಗು ನನಗೆ ಪೂರ್ತಿ ಇಳಿದಿಲ್ಲ.

ಭರಣಿಯ ಕಲ್ಲುಪ್ಪು ಏನಾಯಿತು ಎನ್ನುತ್ತೀರಾ? ಅದಕ್ಕೆ ಅವರೇ ಕೆಲಸ ಹುಡುಕಿದರು. "ದೃಷ್ಟಿ ತೆಗೆಯೋಕೆ ಆಗುತ್ತೆ. ಕೂಸು ಬಂದ್ಮೇಲೆ ದಿನಾ ಬೇಕಲ್ಲ" ಎಂದು ಬೇರೆ ಡಬ್ಬಿಗೆ ತೆಗೆದಿಟ್ಟರು. ಭರಣಿ ಬರಿದಾಗಬಾರದಲ್ಲ, ತಳದಲ್ಲಿ ಒಂದು ಹರಳು ಬಿಟ್ಟು ಮೇಲೆ ಹೊಸದನ್ನು ತುಂಬಿದರು. ಒಂದು ಹರಳಿಗೆ ನಾನೂ ತಕರಾರು ತೆಗೆಯಲಿಲ್ಲ. ಅಂದು ಸಂಜೆಯೇ ಬ್ರಿಸ್ಬೇನ್‌ನ ಮಗಳಿಗೆ ವಿಡಿಯೋ ಕಾಲ್ ಹೋಯಿತು. ಅಡಿಲೇಡ್‌ನ ತಂಗಿಯ ಮಗ ಆಫೀಸಿನ ಮೀಟಿಂಗ್‌ನಲ್ಲಿದ್ದರೂ ಬಿಡಲಿಲ್ಲ. ನನ್ನ ಬಾಟಲಿಗಳಲ್ಲಿ ಎರಡು ಆ ಎರಡು ಊರಿಗೂ ಪೋಸ್ಟ್ ಆದವು. ಆಮೇಲೆ ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಓದುವ ನಾಲ್ಕು ಕನ್ನಡದ ಹುಡುಗಿಯರು ಒಂದು ದಿನ ಊಟಕ್ಕೆ ಬಂದರೆ, ಊಟಕ್ಕೆ ಮೊದಲು ಬೀಗಿತ್ತಿ ಕೇಳಿದ್ದು, "ನಿಮ್ ರೂಮಿನ ಉಪ್ಪು ತಂದ್ರಾ?" ಆ ಹುಡುಗಿಯರು ಕಾಗದದಲ್ಲಿ ಸುತ್ತಿ ತಂದಿದ್ದರು. ಅದರಲ್ಲಿ ಒಬ್ಬಳದು ಗುಲಾಬಿ ಬಣ್ಣದ ಫ್ಯಾಷನ್ ಉಪ್ಪು. ಹನಿ ಬಿದ್ದರೂ ನೇರಳೆಯಾಗಲಿಲ್ಲ. ಅವಳು ನಾಚಿಕೊಂಡು, "ಬಟ್ ಆಂಟಿ, ಇಟ್ಸ್ ನ್ಯಾಚುರಲ್" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬೀಗಿತ್ತಿ ನನ್ನನ್ನು ಕಣ್ಣಿನಲ್ಲೇ ಗದರಿಸಿ, ಅವಳಿಗೆ ಮೊದಲು ಹೋಳಿಗೆ ಬಡಿಸಿದರು.

ಮಗಳ ವಾಂತಿ ಕಡಿಮೆಯಾಯಿತು, ಮಾತ್ರೆ ನಿಲ್ಲತೊಡಗಿತು. ಮುಂದಿನ ರಕ್ತಪರೀಕ್ಷೆ ನೋಡಿ ಡಾಕ್ಟರ್ ಸಮಾಧಾನದಿಂದ ತಲೆಯಾಡಿಸಿದರು. ಮಾತ್ರೆಯಿಂದ ಎಷ್ಟು, ಉಪ್ಪಿನಿಂದ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು. ಇಲ್ಲಿ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ನೋಡುತ್ತಾರೆ. ಕಿವಿಯನ್ನೂ ಒಂದು ಪುಟ್ಟ ಯಂತ್ರದಿಂದ ಪರೀಕ್ಷಿಸುತ್ತಾರೆ. ಎರಡೂ ಸರಿಯಾಗಿವೆ ಎಂದು ನರ್ಸ್ ಹೇಳಿದಳು. ಬೀಗಿತ್ತಿ ಅವಳಿಗೆ ಕೈಮುಗಿದರು. ಆದರೆ ಅವರ ಮುಖ ಪೂರ್ತಿ ಬಿಚ್ಚಿಕೊಳ್ಳಲಿಲ್ಲ.

ಮಗು ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ನಾನು ಸೊಪ್ಪು ಕೊಡಲು ಸದರ್ನ್ ರಿವರ್‌ಗೆ ಹೋಗಿದ್ದೆ. ಮಗಳು ಸ್ನಾನಕ್ಕೆ ಹೋಗಿದ್ದಳು. ಅಡುಗೆಮನೆಯ ಪಕ್ಕದ ತೊಟ್ಟಿಲಿನಲ್ಲಿ ಮಗು ಕಣ್ಣುಬಿಟ್ಟುಕೊಂಡು ಮಲಗಿತ್ತು. ಬೀಗಿತ್ತಿ ಉಪ್ಪಿನ ಭರಣಿಯ ಹಿತ್ತಾಳೆ ತಟ್ಟೆಯನ್ನು ಕೈಯಲ್ಲಿ ಹಿಡಿದು ಮಗುವಿನ ತಲೆಯ ಹಿಂದುಗಡೆ ನಿಂತಿದ್ದರು. ನಾನು ಬಂದದ್ದು ಅವರಿಗೆ ಗೊತ್ತಾಯಿತು, ತಿರುಗಿ ನೋಡಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ. ಬೀಳಿಸಲೂ ಭಯ, ಬೀಳಿಸದಿರಲೂ ಭಯ. ನಾನು ಬಾಗಿಲಲ್ಲೇ ಸೊಪ್ಪಿನ ಕಟ್ಟು ಹಿಡಿದು ನಿಂತೆ.

ತಟ್ಟೆ ನೆಲಕ್ಕೆ ಬಿದ್ದು ಮನೆಯೆಲ್ಲ ಠಣ್ಣೆಂದಿತು.

ಮಗು ಎರಡೂ ಕೈಗಳನ್ನು ಮೇಲಕ್ಕೆಸೆದು ಬೆಚ್ಚಿಬಿದ್ದು, ಮುಖ ಕೆಂಪಗೆ ಮಾಡಿಕೊಂಡು, ಕಿರುಚಿ ಅಳತೊಡಗಿತು. ಬಚ್ಚಲಿನಿಂದ ಮಗಳು "ಅತ್ತೇ, ವಾಟ್ ಹ್ಯಾಪನ್ಡ್?" ಎಂದು ಕೂಗಿದಳು. ಬೀಗಿತ್ತಿ ಅಲ್ಲೇ ನೆಲದ ಮೇಲೆ ಕುಳಿತು, ಉರುಳುತ್ತಿದ್ದ ತಟ್ಟೆಯನ್ನು ಎತ್ತಿ ಎದೆಗೆ ಒತ್ತಿಕೊಂಡರು.

"ಬೆಚ್ಚಿಬಿತ್ತು ಬೀಗರೇ," ಎಂದರು. "ನಮ್ಮಮ್ಮ ನೋಡ್ಬೇಕಿತ್ತು."

ಮಗು ಅಳುತ್ತಲೇ ಇತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ಅದನ್ನು ಸುಮ್ಮನಿರಿಸಲು ಹೋಗಲಿಲ್ಲ.